ಗದ್ದೆ ಮಣ್ಣಲ್ಲಿ ಅಂಡರ್‌ರೀಮ್ಡ್ ಪೈಲ್: ಮಂಡ್ಯದಲ್ಲಿ ನನ್ನ ಅನುಭವ

ಮಂಡ್ಯದ ಸುತ್ತ ಈಗ ಎಷ್ಟೋ ಬಡಾವಣೆ ಏಳುತ್ತಿರುವುದೇ ಗದ್ದೆಯಲ್ಲಿ. ವಿಶ್ವೇಶ್ವರಯ್ಯ ನಾಲೆ ನೀರು ಕುಡಿದ ಕಪ್ಪು ಜೇಡಿಮಣ್ಣು. ನೀರು ಬಿಟ್ಟಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ. ಇಂಥ ಕಡೆ ಸೈಜುಗಲ್ಲಿನ ಪಾಯ ಹಾಕಿದ ಮನೆಯಲ್ಲಿ ಕಿಟಕಿ ಮೂಲೆಯಿಂದ ಓರೆ ಬಿರುಕು ಬರೋದನ್ನ ನೀವೂ ನೋಡಿರುತ್ತೀರಿ. ಅದಕ್ಕೇ ಒಂದು 30x40 ಸೈಟಿಗೆ, ನೆಲ ಪ್ಲಸ್ ಒಂದು ಮಹಡಿ, ಅಂಡರ್‌ರೀಮ್ಡ್ ಪೈಲ್ ಹಾಕೋಣ ಅಂದೆ. ಅಂದ್ರೆ ನೆಲಕ್ಕೆ ಗುಂಡಿ ಕೊರೆದು, ತಳದ ಹತ್ತಿರ ಬಲ್ಬಿನಂತೆ ಅಗಲ ಮಾಡಿ, ಕಂಬಿ ಇಳಿಸಿ ಕಾಂಕ್ರೀಟು ತುಂಬಿದ ಕಂಬ. ಕಂಟ್ರಾಕ್ಟರು ಮುಖ ಸಿಂಡರಿಸಿದರು. ಮೇಸ್ತ್ರಿಯಂತೂ "ಸಾ, ಕಡ್ಡಿ ಮ್ಯಾಲೆ ಮನೆ ನಿಲ್ತದಾ?" ಅಂತ ಕೇಳೇಬಿಟ್ಟರು.

ಮನೆ ಕಟ್ಟಿಸುವವರಿಗೆ ಶ್ರಾವಣದಲ್ಲೇ ಶುರುವಾಗಬೇಕಿತ್ತು. ಕೆಆರ್‌ಎಸ್ 124.80 ಅಡಿ ಮುಟ್ಟಿತ್ತು, ನಾಲೆ ತುಂಬಿ ಹರಿಯುತ್ತಿತ್ತು. ಏಳೆಂಟು ಅಡಿಗೇ ಗುಂಡಿಯಲ್ಲಿ ನೀರು. ಬಲ್ಬ್ ಕೊರೆಯೋಕೆ ಗುಂಡಿಯೊಳಗೆ ರೀಮರಿನ ಬ್ಲೇಡು ಅಗಲಿಸಿದರೆ ಗುಂಡಿಯ ಗೋಡೆ ಕುಸಿದು ಕೂರುತ್ತಿತ್ತು. ಗೋಡೆ ಕುಸಿಯದಂತೆ ಹಿಡಿಯೋಕೆ ಬೆಂಟೋನೈಟ್ ಜೇಡಿ ತರಿಸಿದೆವು, ಅದೂ ಸರಿಯಾಗಿ ನಿಲ್ಲಲಿಲ್ಲ. ಗುಂಡಿ ಕೊರೆಯುವ ಆಗರ್ ಬಾಡಿಗೆ, ಆಳು, ಹಾಳಾದ ಗುಂಡಿಗೆ ಸುರಿದ ಕಾಂಕ್ರೀಟು ಎಲ್ಲಾ ಸೇರಿ ನಲವತ್ತು ಸಾವಿರದಷ್ಟು ಮಣ್ಣುಪಾಲು. ಕಂಟ್ರಾಕ್ಟರು ಸೈಜುಗಲ್ಲಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದರು. ನಾಲೆ ನಿಲ್ಲೋವರೆಗೆ ತಡೀರಿ ಅಂತ ನಾನೇ ಮನೆಯವರ ಹತ್ತಿರ ಕೂತು ಒಪ್ಪಿಸಿದೆ.

ಬೇಸಿಗೆಗೆ ಅದೇ ಜಾಗ ಒಣಗಿ ಕಲ್ಲಿನಂತಾಗಿತ್ತು. 300 ಮಿ.ಮೀ. ಕಂಬ, ಬಲ್ಬ್ 750, ಆಳ ಮೂರೂವರೆ ಮೀಟರ್, 12 ಮಿ.ಮೀ. ದಪ್ಪದ ನಾಲ್ಕು ಕಂಬಿ. ಇಪ್ಪತ್ತರ ಆಸುಪಾಸು ಪೈಲು, ಒಂದಕ್ಕೆ ಆರು ಸಾವಿರದ ಮೇಲೆ ಸ್ವಲ್ಪ. ಸೈಜುಗಲ್ಲಿನ ಲೆಕ್ಕ ಮೂರು ಲಕ್ಷದ ಹತ್ತಿರ ಹೋಗಿತ್ತು, ಅಗೆದ ಮಣ್ಣು ಸಾಗಿಸೋದು ಬೇರೆ. ಬಲ್ಬ್ ಪೂರ್ತಿ ಆಯ್ತು ಅಂತ ಆಗರ್ ಹಿಡಿಯಲ್ಲೇ ತಿಳಿಯುವ ಗುರುತೊಂದಿದೆ. ಅದನ್ನ ಇಲ್ಲಿ ಬರೆಯಲ್ಲ, ನನ್ನ ಆಳುಗಳಿಗೆ ಮಾತ್ರ ಕಲಿಸಿದ್ದೇನೆ.

ಪೈಲುಗಳ ತಲೆ ಜೋಡಿಸಿ ಗೋಡೆ ಹೊರುವ ಪ್ಲಿಂತ್ ಬೀಮ್ ಕೆಳಗೆ 80 ಮಿ.ಮೀ. ಖಾಲಿ ಬಿಡಲೇಬೇಕು, ಇಲ್ಲಾಂದ್ರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಅಲ್ಲಿಗೆ ನಾನು ಭತ್ತದ ಹೊಟ್ಟು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಹಾಕಿಸಿದೆ. ಆಮೇಲೆ ಪಕ್ಕದಿಂದ ಹೊಟ್ಟನ್ನೆಲ್ಲ ಕೆದಕಿ ತೆಗೆಸಿದೆ. ನಮ್ಮೂರಲ್ಲಿ ರೈಸ್‌ಮಿಲ್ಲಿಗೆ ಬರವೇ? ಅದೇ ಗುಂಗಲ್ಲಿ ಹೊಟ್ಟಿನ ಬೂದಿಯನ್ನ ಸಿಮೆಂಟಿಗೆ ಬೆರೆಸಿ, ಬಲ ಪರೀಕ್ಷಿಸೋ ಕಾಂಕ್ರೀಟ್ ಕ್ಯೂಬ್ ಕೂಡ ಹಾಕಿದೆ. ನೂರಕ್ಕೆ ಹತ್ತರವರೆಗೆ ಪರವಾಗಿಲ್ಲ. ಇಪ್ಪತ್ತಕ್ಕೆ ಹೋದರೆ ನೀರು ಜಾಸ್ತಿ ಕುಡಿದು 28 ದಿನದ ಬಲ ಬಿದ್ದೇಹೋಯಿತು. ಬೂದಿಯನ್ನ ಸರಿಯಾಗಿ ಅರೆಸಿ ಇನ್ನೊಮ್ಮೆ ನೋಡಬೇಕು.

ನಂಬದವರ ಎದುರೇ ಒಂದು ಪೈಲಿನ ಮೇಲೆ ಭಾರ ಹೇರಿ ಲೋಡ್ ಟೆಸ್ಟ್ ಮಾಡಿಸಿದೆ. ಎಂ-ಸ್ಯಾಂಡ್ ಚೀಲ ಆರುನೂರಕ್ಕೂ ಜಾಸ್ತಿ ಪೇರಿಸಿ, ಕೆಳಗೆ ಜಾಕಿ ಕೊಟ್ಟು 24 ಟನ್‌ಗೆ ಏರಿಸಿದೆವು. ಪೈಲ್ ಎಷ್ಟು ಇಳಿಯಿತು ಅಂತ ತೋರಿಸುವ ಡಯಲ್ ಗೇಜಿನ ಮುಳ್ಳು ತೆವಳಿ ನಾಲ್ಕು ಮಿ.ಮೀ. ಚಿಲ್ಲರೆಗೆ ನಿಂತಿತು. ಭಾರ ಇಳಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ವಾಪಸ್ ಬಂತು. 12 ಮಿ.ಮೀ.ವರೆಗೆ ಇಳಿದರೂ ಪೈಲಿನ ಭಾರತೀಯ ಮಾನಕ (ಕೋಡ್) ಒಪ್ಪುತ್ತದೆ, ಅಲ್ವಾ? ಮೇಸ್ತ್ರಿ ಬಗ್ಗಿ ಮುಳ್ಳನ್ನ ತಾವೇ ನೋಡಿದರು.

ಎರಡು ಮಳೆಗಾಲ ಕಳೆದಿದೆ. ಕಿಟಕಿ ಮೂಲೆಗಳಲ್ಲಿ ಕೂದಲೆಳೆ ಗೆರೆಯೂ ಇಲ್ಲ. ಈ ಮಾರ್ಚಿಗೆ ಅದೇ ಕಂಟ್ರಾಕ್ಟರು ಇನ್ನೆರಡು ಸೈಟಿಗೆ ಪೈಲ್ ರೇಟು ಕೇಳಿದ್ದಾರೆ, ಆಗರ್ ಈಗಲೇ ಬುಕ್ ಮಾಡಿದ್ದೇನೆ.