ಬೈಕಿನ ಬ್ರೇಕ್ ಲೈಟ್ ಹತ್ತುತ್ತಿಲ್ಲವೇ? ಸ್ವಿಚ್ ಪರೀಕ್ಷಿಸುವ ಬಗೆ

ಕಲಬುರಗಿಯಿಂದ ಸೇಡಂ ಕಡೆಗೆ ಹೋಗುವ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಬೈಕಿನ ಬೆನ್ನಿಗೇ ಬರುತ್ತಿರುತ್ತವೆ. ಮುಂದಿರುವ ಬೈಕು ವೇಗ ತಗ್ಗಿಸುತ್ತಿದೆ ಎಂಬುದು ಲಾರಿ ಚಾಲಕನಿಗೆ ತಕ್ಷಣ ತಿಳಿಯುವುದು ಅದರ ಹಿಂದಿನ ಕೆಂಪು ದೀಪ ಒಮ್ಮೆಲೇ ಪ್ರಖರವಾದಾಗ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಇರುವವರೆಗೂ ಉರಿಯಬೇಕೆಂಬ ನಿಯಮ ಬಂದ ಮೇಲೆ, ಬಹುತೇಕ ಬೈಕುಗಳಲ್ಲಿ ಹಿಂದಿನ ದೀಪವೂ ಹಗಲಿಡೀ ಹತ್ತಿಕೊಂಡಿರುತ್ತದೆ. ಅದನ್ನು ನೋಡಿ ಬ್ರೇಕ್ ಲೈಟೂ ಸರಿಯಾಗಿದೆ ಎಂದುಕೊಳ್ಳುವಂತಿಲ್ಲ. ಸಾಮಾನ್ಯ ಬಲ್ಬಿನಲ್ಲಿ 5 ವ್ಯಾಟ್‌ನ ಒಂದು ತಂತಿ ಸದಾ ಉರಿಯುವುದಕ್ಕೆ, 21 ವ್ಯಾಟ್‌ನ ಇನ್ನೊಂದು ತಂತಿ ಬ್ರೇಕಿಗೆ; ಒಂದು ಉರಿಯುತ್ತಿದ್ದಾಗಲೂ ಇನ್ನೊಂದು ಸುಟ್ಟುಹೋಗಿರಬಹುದು.

ಬೈಕಿನಲ್ಲಿ ಬ್ರೇಕ್ ಲೈಟಿಗೆ ಎರಡು ಸ್ವಿಚ್‌ಗಳಿರುತ್ತವೆ: ಒಂದು ಬಲಗೈ ಹಿಡಿಕೆಯ ಬುಡದಲ್ಲಿ, ಇನ್ನೊಂದು ಬಲಗಾಲ ಪೆಡಲ್‌ನ ಹತ್ತಿರ. ಎರಡಕ್ಕೂ ಚಾವಿಯ ಕಡೆಯಿಂದ 12 ವೋಲ್ಟ್ ಬರುತ್ತದೆ, ಎರಡರಿಂದ ಹೊರಟ ವಾಯರ್‌ಗಳು ಒಂದಾಗಿ ಅದೇ ಬಲ್ಬಿಗೆ ಸೇರುತ್ತವೆ. ಈ ಜೋಡಣೆ ದೋಷ ಹುಡುಕುವವರಿಗೆ ಬಹಳ ಅನುಕೂಲಕರವಾದುದು. ಸಂಜೆಯ ಹೊತ್ತು ಬೈಕಿನ ಹಿಂಭಾಗ ಗೋಡೆಯ ಕಡೆ ಇರುವಂತೆ ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡದೆ ಚಾವಿ ಮಾತ್ರ ತಿರುಗಿಸಿ, ಮೊದಲು ಕೈ ಬ್ರೇಕನ್ನೂ ಆಮೇಲೆ ಕಾಲು ಬ್ರೇಕನ್ನೂ ಒಂದೊಂದಾಗಿ ಹಿಡಿದು ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ನೋಡಿ. ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ಬಲ್ಬ್, ಫ್ಯೂಸ್, ಅರ್ಥ್ ಎಲ್ಲವೂ ಸರಿಯಿವೆ. ದೋಷ ಇರುವುದು ಹತ್ತದ ಕಡೆಯ ಸ್ವಿಚ್‌ನಲ್ಲಿ ಅಥವಾ ಅದರ ವಾಯರ್‌ನಲ್ಲಿ. ಎರಡಕ್ಕೂ ಹತ್ತದಿದ್ದರೆ ಸ್ವಿಚ್ ಮುಟ್ಟುವ ಮೊದಲು ಬಲ್ಬ್ ಮತ್ತು ಫ್ಯೂಸ್ ನೋಡಬೇಕು. ಇಷ್ಟನ್ನು ಮಾಡದೆ ಹೊಸ ಸ್ವಿಚ್ ತರುವುದು ಹಣ ಕಳೆದುಕೊಳ್ಳುವ ದಾರಿ.

ನಮ್ಮ ಭಾಗದಲ್ಲಿ ಹೆಚ್ಚಾಗಿ ಕೈಕೊಡುವುದು ಹಿಂದಿನ ಬ್ರೇಕಿನ ಸ್ವಿಚ್. ಅದು ಇರುವ ಜಾಗವೇ ಹಾಗಿದೆ: ಚಕ್ರ ಎರಚಿದ ಕೆಸರು ನೇರವಾಗಿ ಬಡಿಯುವ ತಗ್ಗಿನಲ್ಲಿ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯ ಸ್ವಿಚ್ಚನ್ನು ಬಗ್ಗಿ ನೋಡಿದರೆ, ಅದರ ಕಡ್ಡಿಗೂ ಕೆಳಗಿನ ಸ್ಪ್ರಿಂಗಿಗೂ ಎರೆ ಮಣ್ಣು ಮೆತ್ತಿ ಒಣಗಿ ಗಟ್ಟಿಯಾಗಿರುತ್ತದೆ. ಶಹಾಬಾದ್ ಕಡೆಯ ಕಲ್ಲಿನ ಧೂಳು ಇನ್ನೂ ನಯವಾದುದರಿಂದ ರಬ್ಬರ್ ಮುಚ್ಚಳ ಹರಿದಿದ್ದರೆ ಒಳಗೇ ಸೇರಿಬಿಡುತ್ತದೆ. ಪೆಡಲ್ ತುಳಿದಾಗ ಸ್ಪ್ರಿಂಗ್ ಕಡ್ಡಿಯನ್ನು ಕೆಳಗೆಳೆಯಬೇಕು, ಬಿಟ್ಟಾಗ ಕಡ್ಡಿ ತಾನಾಗಿ ಮೇಲೇರಬೇಕು. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಹಳೆಯ ಬ್ರಷ್ ಮತ್ತು ಸ್ವಲ್ಪ ನೀರಿನಿಂದ ಮಣ್ಣು ತೆಗೆದು, ಒಣಗಿಸಿ, ಕನೆಕ್ಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಹಿಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಯಾದರೆ ಈ ದ್ರವವಾಗಲಿ ಎಣ್ಣೆಯಾಗಲಿ ಒಂದು ಹನಿಯೂ ಡಿಸ್ಕಿನ ಮೇಲೆ ಬೀಳದಂತೆ ಬಟ್ಟೆ ಹೊದಿಸಿಕೊಳ್ಳಿ. ಸ್ಪ್ರಿಂಗ್‌ನ ಕೊಕ್ಕೆ ಕಳಚಿದ್ದರೆ ಪಕ್ಕಡ್‌ನಿಂದ ಮತ್ತೆ ಸಿಕ್ಕಿಸಿ.

ಶುಚಿ ಮಾಡಿದರೂ ಹತ್ತದಿದ್ದರೆ ಸ್ವಿಚ್‌ನ ಕನೆಕ್ಟರ್ ಬಿಚ್ಚಿ, ಚಾವಿ ಆನ್ ಇರುವಾಗ, ಗಾಡಿಯ ಕಡೆಯಿಂದ ಬರುವ ಎರಡು ತುದಿಗಳನ್ನು ಒಂದು ತುಂಡು ವಾಯರ್‌ನಿಂದ ಜೋಡಿಸಿ. ದೀಪ ಹತ್ತಿದರೆ ಸ್ವಿಚ್ ಸತ್ತಿದೆ ಎಂದು ಖಾತ್ರಿ. ಹತ್ತದಿದ್ದರೆ ಸ್ವಿಚ್ ನಿರಪರಾಧಿ, ವಾಯರ್ ಎಲ್ಲೋ ತುಂಡಾಗಿದೆ. ಆ ಎರಡು ತುದಿಗಳನ್ನು ಪರಸ್ಪರ ಮಾತ್ರ ಜೋಡಿಸಬೇಕು; ಕರೆಂಟ್ ಇರುವ ತುದಿ ಚಾಸಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ.

ಸ್ವಿಚ್ ಸರಿಯಿದ್ದೂ ದೀಪ ತಡವಾಗಿ ಹತ್ತುವುದು ಹೊಂದಾಣಿಕೆಯ ದೋಷ. ಇದಕ್ಕೆ ಮೊದಲು ಪೆಡಲ್‌ನ ಸಡಿಲ, ಅಂದರೆ ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ದೂರ, ಸರಿಪಡಿಸಬೇಕು. ಡ್ರಮ್ ಬ್ರೇಕ್ ಇರುವ ಸಾಮಾನ್ಯ ಬೈಕುಗಳಲ್ಲಿ ಅದು 20ರಿಂದ 30 ಮಿಲಿಮೀಟರ್ ಇರುತ್ತದೆ. ಆಮೇಲೆ ಸ್ವಿಚ್ಚಿನ ಮೈಯನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಅದರ ಸುತ್ತಲಿನ ನಟ್ಟನ್ನು ಮಾತ್ರ ತಿರುಗಿಸಿ. ಮೈಯನ್ನೇ ತಿರುಗಿಸಿದರೆ ಒಳಗೆ ವಾಯರ್ ಮುರುಚಿಕೊಂಡು ಕಿತ್ತುಬರುತ್ತದೆ. ಒಳ್ಳೆಯ ಸ್ವಿಚ್‌ಗಳು ಹಾಳಾಗುವುದು ಹೀಗೆಯೇ. ಸ್ವಿಚ್ ಮೇಲೇರಿದರೆ ದೀಪ ಬೇಗ ಹತ್ತುತ್ತದೆ, ಕೆಳಗಿಳಿದರೆ ತಡವಾಗಿ. ಬ್ರೇಕ್ ಚಕ್ರವನ್ನು ಹಿಡಿಯಲು ಶುರುವಾಗುವುದಕ್ಕೆ ತುಸು ಮೊದಲೇ ದೀಪ ಹತ್ತಬೇಕು, ಪೆಡಲ್ ಬಿಟ್ಟ ಕೂಡಲೇ ಆರಬೇಕು.

ಮುಂದಿನ ಸ್ವಿಚ್‌ಗೆ ಹೊಂದಾಣಿಕೆ ಸಾಮಾನ್ಯವಾಗಿ ಇರುವುದಿಲ್ಲ. ಹಿಡಿಕೆ ಸುಮ್ಮನಿದ್ದಾಗ ಸ್ವಿಚ್ಚಿನ ಗುಂಡಿಯನ್ನು ಒತ್ತಿರುತ್ತದೆ, ಎಳೆದಾಗ ಬಿಡುತ್ತದೆ. ‘ಟಿಕ್’ ಎಂಬ ಸದ್ದು ಬರುವ ಬಗೆಯ ಸ್ವಿಚ್‌ನಲ್ಲಿ ಅದು ನಿಂತಿದ್ದರೆ ಧೂಳು ಕೂತಿದೆ ಅಥವಾ ಗುಂಡಿ ಸಿಕ್ಕಿಕೊಂಡಿದೆ.

ಬಲ್ಬನ್ನು ಹೊರತೆಗೆದಾಗ ಕೆಳಗಿನ ಎರಡು ಬೊಟ್ಟುಗಳು ಕಪ್ಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ. ಬ್ರೇಕ್ ಹಿಡಿದಾಗ ಇಂಡಿಕೇಟರ್‌ಗಳು ಮಿಣುಕಿದರೆ ಅರ್ಥ್ ವಾಯರ್ ಸಡಿಲವಾಗಿದೆ ಎಂದರ್ಥ.

ದೀಪ ಸದಾ ಉರಿಯುತ್ತಲೇ ಇರುವುದನ್ನು ಅನೇಕರು ದೋಷವೆಂದೇ ಎಣಿಸುವುದಿಲ್ಲ. ಆದರೆ ಹಿಂದಿನವರಿಗೆ ನೀವು ಯಾವಾಗ ಬ್ರೇಕ್ ಹಿಡಿದಿರಿ ಎಂದು ತಿಳಿಯದಿರುವಲ್ಲಿ ಇದೂ ಹತ್ತದ ದೀಪದಷ್ಟೇ ಅಪಾಯಕಾರಿ. ಹಿಂದಿನ ಸ್ವಿಚ್‌ನ ಕನೆಕ್ಟರ್ ಬಿಚ್ಚಿ ನೋಡಿ. ಆರಿದರೆ ಅದೇ ಸಿಕ್ಕಿಕೊಂಡಿದೆ, ಇಲ್ಲವೇ ಪೆಡಲ್‌ನ ರಿಟರ್ನ್ ಸ್ಪ್ರಿಂಗ್ ಸೋತಿದೆ. ಆರದಿದ್ದರೆ ಮುಂದಿನದನ್ನು ಬಿಚ್ಚಿ. ಗಾಡಿ ಬಿದ್ದ ಮೇಲೆ ಹಾಕಿಸಿದ ಹಿಡಿಕೆ ಸರಿಯಾದ ಅಳತೆಯದಲ್ಲದಿದ್ದರೆ ಗುಂಡಿಯನ್ನು ಪೂರ್ತಿ ಒತ್ತದೆ ಹೀಗಾಗುತ್ತದೆ. ಎರಡೂ ಬಿಚ್ಚಿದಾಗಲೂ ಉರಿಯುತ್ತಿದ್ದರೆ ವಾಯರ್‌ಗಳು ಒಳಗೆಲ್ಲೋ ತಾಗಿಕೊಂಡಿವೆ. ಅದನ್ನು ಮಿಸ್ತ್ರಿಗೆ ತೋರಿಸುವುದು ಲೇಸು.

ಹೊಸ ಸ್ವಿಚ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ, ಏಕೆಂದರೆ ನಟ್ಟು ಕೂರುವ ತಿರುಪಿನ ಉದ್ದ, ಸ್ಪ್ರಿಂಗಿನ ಕೊಕ್ಕೆ, ಕನೆಕ್ಟರ್ ಮೂರೂ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಕೂರಿಸಿದ ಮೇಲೆ ವಾಯರ್ ಸೈಲೆನ್ಸರ್‌ಗೆ ತಾಗದಂತೆ ಫ್ರೇಮಿಗೆ ಕಟ್ಟಿ, ಗೋಡೆಯ ಮುಂದೆ ಎರಡೂ ಬ್ರೇಕನ್ನು ಬೇರೆ ಬೇರೆಯಾಗಿ ಇನ್ನೊಮ್ಮೆ ಹಿಡಿದು ನೋಡಿ.