ಸೊಪ್ಪಿನ ಬೆಟ್ಟಕ್ಕೆ ರಜೆ ಕೊಟ್ಟೆ

2009ರಲ್ಲಿ ತೋಟದ ಯಜಮಾನಿಕೆ ಅಪ್ಪನಿಂದ ನನಗೆ ಬಂದಾಗ ನಮ್ಮ ಬೆಟ್ಟದ ಮತ್ತಿ ಮರಗಳು ಒಲೆ ಊದುವ ಕೊಳವೆಯ ತುದಿಗೆ ಹಿಡಿ ಸೊಪ್ಪು ಸಿಕ್ಕಿಸಿಟ್ಟ ಹಾಗೆ ಕಾಣುತ್ತಿದ್ದವು. ಬುಡದಿಂದ ತುದಿವರೆಗೆ ಕೊಂಬೆಯೇ ಇಲ್ಲ, ಬರೀ ಗಂಟು. ಕೆಳಗೆ ಯುಪಟೋರಿಯಂ ಎಂಬ ಕಳೆ ಎದೆಯೆತ್ತರ.

ಶಿರಸಿ ಸೀಮೆಯ ಹೊರಗಿನವರಿಗೆ ಒಂದು ಮಾತು. ನಮ್ಮಲ್ಲಿ ಬೆಟ್ಟ ಎಂದರೆ ಅಡಿಕೆ ತೋಟಕ್ಕೆಂದು ಬಿಟ್ಟ ಕಾಡು. ಬ್ರಿಟಿಷರ ಕಾಲದಿಂದ ನಡೆದು ಬಂದ ಸೌಲಭ್ಯ ಇದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಇದೆ. ನೋಡಿಕೊಳ್ಳುವುದು ಮನೆಯವರು, ನೆಲ ಮಾತ್ರ ಸರ್ಕಾರದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಕಟ್ಟಿಗೆ ತರಬಹುದು. ಮರ ಕಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮದು ಒಂದೂವರೆ ಎಕರೆ ತೋಟ, 7 ಎಕರೆ ಬೆಟ್ಟ.

ಮೊದಲ ವರ್ಷ ನಾನು ಮಾಡಿದ್ದು ಬರೀ ಲೆಕ್ಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಗೊಬ್ಬರ ಎಂಬುದು ಶಿಫಾರಸು. ನಮ್ಮ 800 ಮರಕ್ಕೆ ಹಸಿಸೊಪ್ಪೇ ಹತ್ತಿರ ಹತ್ತಿರ 10 ಟನ್. ಅಷ್ಟನ್ನೂ ಆ ಬೋಳು ಮರಗಳಿಂದಲೇ ವರ್ಷ ವರ್ಷ ಇಳಿಸುತ್ತಿದ್ದೆವು. ಚಿಗುರು ಕೈಯುದ್ದ ಬರುವುದರೊಳಗೆ ಕತ್ತಿ ಬೀಳುತ್ತಿತ್ತು.

ಅಜ್ಜನ ಕಾಲದಲ್ಲಿ ಹೀಗಿರಲಿಲ್ಲವಂತೆ. ಸೊಪ್ಪು ಕಡಿಯಲು ಹತ್ತುವಾಗ ಅಪ್ಪ ಕೆಳಗೆ ನಿಂತು ಕೂಗುತ್ತಿದ್ದದ್ದು ಒಂದೇ: "ತಮಾ, ತಲೆ ಕಡಿಯಡ!" ತುದಿಯ ಮೂರರಲ್ಲೊಂದು ಪಾಲು ಬಿಡಬೇಕು ಎಂದರ್ಥ. ಕೂಗಿದ್ದು ಹೌದು, ಆದರೆ ಹೊರೆ ಲೆಕ್ಕದಲ್ಲಿ ಕೂಲಿ ಕೊಟ್ಟಿದ್ದೂ ನಾವೇ. ಹೊರೆಗೆ ಇಷ್ಟು ಎಂದರೆ ಯಾರು ತಾನೇ ತುದಿ ಬಿಡುತ್ತಾರೆ? ನಾನು ದಿನಗೂಲಿಗೆ ಬದಲಾಯಿಸಿದೆ. ಖರ್ಚು ಏರಿತು, ತುದಿ ಉಳಿಯಿತು.

ಆಮೇಲೆ ಬೆಟ್ಟವನ್ನು ಮೂರು ಪಾಲು ಮಾಡಿದೆ. ಒಂದು ವರ್ಷ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು, ಉಳಿದೆರಡಕ್ಕೆ ರಜೆ. ಹೇಳುವುದಕ್ಕೆ ಒಂದು ಸಾಲು. ಮಾಡುವಾಗ ದೊಡ್ಡಪ್ಪನ ಮಗನ ಜೊತೆ ಆರು ತಿಂಗಳು ಮಾತು ಬಿಟ್ಟಿತ್ತು. ತೋಟ ಹಿಸ್ಸೆಯಾಗಿದ್ದರೂ ಬೆಟ್ಟ ಒಟ್ಟಿಗೇ ಇತ್ತು. ನಾನು ರಜೆ ಕೊಟ್ಟ ಪಾಲಿನಲ್ಲಿ ಅವನ ಆಳುಗಳು ಸೊಪ್ಪು ಕಡಿಯುತ್ತಿದ್ದರು. ಕೊನೆಗೆ ಚೌತಿಯ ಊಟಕ್ಕೆ ಕೂತಾಗ ಆಯಿಯೇ ಇಬ್ಬರಿಗೂ ಕೇಳುವ ಹಾಗೆ ಅಂದಳು, "ಇಬ್ರಿಗೂ ಬೆಟ್ಟ ಬೇಕು, ಬೆಟ್ಟಕ್ಕೆ ಯಾರೂ ಬೇಡ್ದೋ?" ಮರುವಾರ ಹಗ್ಗ ಹಿಡಿದು ಇಬ್ಬರೂ ಗಡಿ ಹಾಕಿದೆವು.

ಸೊಪ್ಪು ಕಡಿಮೆ ಬಿದ್ದ ಮೊದಲ ಮೂರು ವರ್ಷ ತೋಟ ಸೊರಗದಂತೆ ನೋಡಿಕೊಂಡದ್ದು ದರಕು. ಜನವರಿಯಿಂದ ಎಲೆ ಉದುರುತ್ತದಲ್ಲ, ಅದನ್ನು ರಸ್ತೆಯಂಚಿನ ಹತ್ತಡಿ ಅಗಲದಿಂದ ಮಾತ್ರ ಪೂರ್ತಿ ಗುಡಿಸಿ ಕೊಟ್ಟಿಗೆಗೆ ತರುತ್ತೇವೆ. ಗೊಬ್ಬರಕ್ಕೂ ಆಯಿತು, ಬೆಂಕಿಗೆ ಅಡ್ಡಗೆರೆಯೂ ಆಯಿತು. ಒಳಗಿನ ದರಕು ಮುಟ್ಟುವುದಿಲ್ಲ. 2013ರ ಮಾರ್ಚಿನಲ್ಲಿ ಗುಡಿಸುವುದು ತಡವಾಗಿ, ಯಾರೋ ಎಸೆದ ಬೀಡಿಗೆ ಒಂದೆಕರೆ ಸುಟ್ಟಿತು. ದೊಡ್ಡ ಮರಕ್ಕೇನೂ ಆಗಲಿಲ್ಲ. ಮೊಣಕಾಲೆತ್ತರದ ನಂದಿ, ಹೊನ್ನೆ ಸಸಿಗಳು ಒಂದೂ ಉಳಿಯಲಿಲ್ಲ. ಈಗ ಫೆಬ್ರವರಿ ಹದಿನೈದರೊಳಗೆ ಗೆರೆ ಮುಗಿಯಲೇಬೇಕು, ಅಡಿಕೆ ಸುಲಿಯುವ ಕೆಲಸ ಬಾಕಿ ಇದ್ದರೂ ಸರಿ.

ಬುಡಗಳ ವಿಷಯ ನನಗೆ ಕಲಿಸಿದ್ದು ನಮ್ಮಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರೊಬ್ಬರು. ಹಳೇ ಮತ್ತಿ, ಕಿಂದಳದ ಕುತ್ತಿಗಳಲ್ಲಿ, ಅಂದರೆ ಕಡಿದುಳಿದ ಮೋಟು ಬುಡಗಳಲ್ಲಿ, ಹತ್ತು ಹನ್ನೆರಡು ಚಿಗುರು ಪೊದೆಯಾಗಿ ನಿಂತಿದ್ದವು. ಅವರು ಕೂತು, ಬುಡಕ್ಕೆ ಹತ್ತಿರ, ನೆಲಕ್ಕೆ ಸಮೀಪ ಹುಟ್ಟಿದ ಎರಡನ್ನು ಬಿಟ್ಟು ಉಳಿದವನ್ನು ಸವರಿದರು. "ಮೇಲೆ ಹುಟ್ಟಿದ್ದು ಗಾಳಿಗೆ ಸೀಳ್ತದ್ರಾ ಹೆಗಡೇರೇ, ಕೆಳಗಿಂದು ಬೇರು ಹಿಡೀತದೆ" ಅಂದರು. ಅಂದು ಹೆಬ್ಬೆರಳಿನಷ್ಟಿದ್ದವು ಇಂದು ನನ್ನ ತೊಡೆಗಿಂತ ದಪ್ಪ. ನೆರಳು ಬಂದ ಕಡೆ ಯುಪಟೋರಿಯಂ ತಾನಾಗಿ ಸತ್ತಿತು. ಬಿಸಿಲಿರುವ ಕಡೆ ಅದನ್ನು ಈಗಲೂ ಮಳೆಗಾಲದಲ್ಲಿ ಮಣ್ಣು ಮೆತ್ತಗಿದ್ದಾಗ ಬೇರು ಸಮೇತ ಕೀಳುತ್ತೇವೆ. ಕತ್ತಿಯಲ್ಲಿ ಸವರಿದರೆ ದುಪ್ಪಟ್ಟು ಬರುತ್ತದೆ.

ಗಿಡ ನೆಡುವ ಹುಚ್ಚು ನನಗೂ ಇತ್ತು. 2011ರಲ್ಲಿ 200 ಉಪ್ಪಾಗೆ ಸಸಿ ನೆಟ್ಟೆ. ಹುಳಿ ಹಣ್ಣಿನ ಕಾಡುಮರ ಇದು, ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತಾರೆ. ಬೀಜ ಮೊಳೆಯುವುದಕ್ಕೇ ತಿಂಗಳುಗಟ್ಟಲೆ ಕಾದು, ಕೊಟ್ಟೆ ಚೀಲದಲ್ಲಿ ಬೆಳೆಸಿದ್ದು. ದನ, ಕಡವೆ, ಬೇಸಿಗೆ ಎಲ್ಲ ದಾಟಿ 90 ಬದುಕಿದವು. ಹತ್ತನೇ ವರ್ಷಕ್ಕೆ ಹೂವು ಬಿಟ್ಟವು ನೋಡಿ, ಅರ್ಧಕ್ಕರ್ಧ ಗಂಡು! ಉಪ್ಪಾಗೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ ಎಂಬುದು ಊರಿನ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ನೆಡುವ ಉಮೇದಿನಲ್ಲಿ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಷ್ಟೇ. ಕಸಿ ಗಿಡವಾಗಿದ್ದರೆ ಹೆಣ್ಣೇ ಸಿಗುತ್ತಿತ್ತು, ಫಲವೂ ಬೇಗ.

ಫಲ ಬಿಟ್ಟ ಮರಗಳಿಂದ ಕಾಯಿ ಕೊಯ್ಯುವುದಿಲ್ಲ, ಹಣ್ಣಾಗಿ ಬಿದ್ದದ್ದನ್ನು ಹೆಕ್ಕುತ್ತೇವೆ. ಬೆಲೆ ಏರಿದ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಕೊಂಬೆ ಸಮೇತ ಕಡಿದು ಕಾಯಿ ಒಯ್ದವರಿದ್ದಾರೆ. ಸಿಪ್ಪೆ ಒಣಗಿಸುವುದೂ ಕಿರಿಕಿರಿಯೇ: ಜಡಿಮಳೆಯಲ್ಲಿ ಹಣ್ಣಾಗುವ ವಸ್ತು, ಬಿಸಿಲೇ ಇರುವುದಿಲ್ಲ, ಒಲೆಯ ಮೇಲಿಟ್ಟರೆ ಕಟ್ಟಿಗೆಯ ರಾಶಿಯೇ ಬೇಕು. ಉಪ್ಪಾಗೆ ಒಣಗಿಸಲು ಬೆಟ್ಟದ ಕಟ್ಟಿಗೆ ಸುಡುವುದೆಂದರೆ ನಾನು ಇಷ್ಟು ವರ್ಷ ಮಾಡಿದ್ದೇನು? ಈಗ ಅಡಿಕೆಗೆಂದು ಹಾಕಿಸಿದ ಡ್ರೈಯರಿನಲ್ಲೇ ಒಣಗಿಸುತ್ತೇವೆ, ಉರಿಗೆ ಅಡಿಕೆ ಸಿಪ್ಪೆ.

ಇನ್ನೊಂದು ತಪ್ಪು ದುಬಾರಿಯಾಯಿತು. ಎಲ್ಲರೂ ಇಂಗುಗುಂಡಿ ತೋಡುತ್ತಿದ್ದಾರೆಂದು ನಾನೂ ತೋಡಿಸಿದೆ. ಬೆಟ್ಟದ ಮೇಲ್ತಲೆಯಲ್ಲಿ ತೋಡಿದ್ದರೆ ಸರಿಯಿತ್ತು. ಕೆಳಗಿಳಿಯುತ್ತ ತೋಟದ ದರೆಯ, ಅಂದರೆ ಅಂಚಿನ ಕಡಿದಾದ ಮಣ್ಣಿನ ಗೋಡೆಯ, ನೆತ್ತಿಗೇ ನಾಲ್ಕು ಗುಂಡಿ ಬಂದವು. 2019ರ ಆಗಸ್ಟ್ ಮಳೆಯಲ್ಲಿ ರಾತ್ರಿ ಏನೋ ಗುಡುಗಿದ ಹಾಗಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ನೀರು ಕುಡಿದು ದರೆ ಜಾರಿ ಕೂತಿತ್ತು, ಅದರಡಿ 18 ಅಡಿಕೆ ಮರ. ಗುಂಡಿಯಿಲ್ಲದ, ಮರದ ಬೇರು ಹೆಣೆದುಕೊಂಡಿದ್ದ ಪಕ್ಕದ ದರೆ ಅಲುಗಿರಲಿಲ್ಲ. ಮರುದಿನವೇ ಆ ಸಾಲಿನ ಉಳಿದ ಗುಂಡಿಗಳನ್ನು ಮುಚ್ಚಿಸಿದೆ.

ಇನ್ನು ಆ ಗಂಡು ಉಪ್ಪಾಗೆಗಳು. ಹೆಣ್ಣಿಗೆ ಗಂಡು ಬೇಕೇ ಬೇಕು, ಆದರೆ ನಲವತ್ತು ಬೇಕಿಲ್ಲ. ಕಡಿಯಲು ಮನಸ್ಸಾಗಲಿಲ್ಲ. ಹೋದ ವರ್ಷ ಚೆನ್ನಾಗಿ ಬಿಡುವ ಹೆಣ್ಣು ಮರದ ಕುಡಿ ತಂದು ಹನ್ನೆರಡು ಗಂಡಿಗೆ ಕಸಿ ಕಟ್ಟಿದೆವು. ಐದು ಹಿಡಿದವು. ಅದರಲ್ಲಿ ಎರಡರ ಚಿಗುರನ್ನು ಮಂಗ ಮುರಿಯಿತು. ಉಳಿದ ಮೂರಕ್ಕೆ ಹಳೇ ಮೀನಿನ ಬಲೆ ಸುತ್ತಿದ್ದೇನೆ.