ಎಕೋ ರಿಪೋರ್ಟ್‌ನಲ್ಲಿ 'ಸ್ಕಾರ್' ಅಂತ ಇದ್ದರೆ ಏನು ಮಾಡಬೇಕು?

ಹಾರ್ಟ್ ಅಟ್ಯಾಕ್ ಆಗಿ ಎರಡು ತಿಂಗಳಿಗೆ ಅಪ್ಪನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಬಂತು. 'ಆಂಟೀರಿಯರ್ ವಾಲ್ ಸ್ಕಾರ್ಡ್, ಇಎಫ್ 40%' ಅಂತ ಇತ್ತು. ಅಂದರೆ ಹೃದಯದ ಮುಂದಿನ ಗೋಡೆಯಲ್ಲಿ ಸ್ಕಾರ್ ಇದೆ; ಇಎಫ್ ಅಂದರೆ ಒಂದೊಂದು ಬಡಿತಕ್ಕೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನೋ ಲೆಕ್ಕ. ಮನೆಯವರೆಲ್ಲ ಇಎಫ್ ಬಗ್ಗೆಯೇ ಮಾತಾಡಿದರು. ಆ ಸ್ಕಾರ್ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಅದು ಗೊತ್ತಾದರೆ ದಿನಾ ನುಂಗುವ ಮಾತ್ರೆ ಯಾಕೆ ಅನ್ನೋದೂ ಅರ್ಥವಾಗುತ್ತದೆ.

ಹೃದಯದ ಸ್ನಾಯುಗಳ ಸಂದಿನಲ್ಲಿ ಫೈಬ್ರೊಬ್ಲಾಸ್ಟ್ ಅನ್ನೋ ಕೋಶಗಳಿವೆ. ಕೊಲಾಜೆನ್ ನಾರು ಮಾಡಿ ಸ್ನಾಯುಗಳನ್ನು ಹಿಡಿದಿಡುವುದು ಅವುಗಳ ಕೆಲಸ. ರಕ್ತನಾಳ ಕಟ್ಟಿಕೊಂಡು ಸತ್ತ ಸ್ನಾಯು ಮತ್ತೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆ ಜಾಗ ಹಾಗೇ ಬಿಟ್ಟರೆ ಗೋಡೆಯೇ ಹರಿದುಹೋಗಬಹುದು, ಅದಕ್ಕೇ ಈ ಕೋಶಗಳು ಅಲ್ಲಿಗೆ ನುಗ್ಗಿ ನಾರು ತುಂಬಿ ಬಿಗಿಯುತ್ತವೆ. ಮೊಣಕಾಲು ತರಚಿದ ಕಡೆ ಗಟ್ಟಿ ಕಲೆ ಉಳಿಯುತ್ತದಲ್ವಾ, ಹಾಗೆ. ಸ್ಕಾರ್ ಅಂದರೆ ಈ ಕಲೆಯೇ. ಅದರಿಂದಲೇ ಅಪ್ಪ ಬದುಕಿದ್ದಾರೆ.

ತೊಂದರೆ ಆಗುವುದು ಈ ಕೋಶಗಳು ಕೆಲಸ ನಿಲ್ಲಿಸದಿದ್ದಾಗ. ಬಿಪಿ ಜಾಸ್ತಿ ಇದ್ದರೆ, ಆಂಜಿಯೊಟೆನ್ಸಿನ್, ಆಲ್ಡೊಸ್ಟಿರಾನ್ ಹಾರ್ಮೋನುಗಳು ಏರಿಯೇ ಇದ್ದರೆ, ಚೆನ್ನಾಗಿರುವ ಭಾಗದಲ್ಲೂ ನಾರು ತುಂಬುತ್ತದೆ. ಹೃದಯ ಗಡುಸಾಗುತ್ತದೆ, ಸಡಿಲವಾಗಿ ರಕ್ತ ತುಂಬಿಕೊಳ್ಳಲು ಆಗುವುದಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾರಿನಲ್ಲಿ ಬಡಿತ ನಡೆಸುವ ವಿದ್ಯುತ್ ಸರಿಯಾಗಿ ಹರಿಯದೆ ಬಡಿತವೂ ತಪ್ಪಬಹುದು.

ಕಲೆ ಗಟ್ಟಿಯಾಗಲು ಸುಮಾರು 6ರಿಂದ 8 ವಾರ ಬೇಕು. ಮೊದಲ ವಾರವಂತೂ ಆ ಜಾಗ ತುಂಬಾ ಮೆತ್ತಗಿರುತ್ತದೆ. ಹಾಗಂತ ಮಂಚದಲ್ಲೇ ಮಲಗಿಸಬೇಡಿ, ಡಾಕ್ಟರ್ ಹೇಳಿದಷ್ಟು ನಡೆಸಿ. ಆದರೆ ಗ್ಯಾಸ್ ಸಿಲಿಂಡರ್, ನೀರಿನ ಬಿಂದಿಗೆ ಎತ್ತಲು ಬಿಡಬೇಡಿ. ಮಲ ಕಟ್ಟಿ ತಿಣುಕುವ ಹಾಗಾದರೆ ಡಾಕ್ಟರಿಗೆ ಹೇಳಿ, ಮುಜುಗರ ಬೇಡ. ಮಂಡಿನೋವು ಅಂತ ಡೈಕ್ಲೊಫೆನಾಕ್, ಇಬುಪ್ರೊಫೇನ್ ಸುಮ್ನೆ ಅಂಗಡಿಯಿಂದ ತಂದು ನುಂಗಬಾರದು, ಅಟ್ಯಾಕ್ ಆದವರಿಗೆ ಅವು ಅಪಾಯ ಹೆಚ್ಚಿಸುತ್ತವೆ.

ಇನ್ನು ಮಾತ್ರೆಗಳು. ಚೀಟಿ ತೆಗೆದು ನೋಡಿ: ಹೆಸರಿನ ಕೊನೆಗೆ 'ಪ್ರಿಲ್' ಅಥವಾ 'ಸಾರ್ಟಾನ್' ಇರುವವು, ಜೊತೆಗೆ ಕೆಲವರಿಗೆ ಸ್ಪೈರೊನೊಲ್ಯಾಕ್ಟೋನ್. ಇವು ಬಿಪಿ ಇಳಿಸುವುದರ ಜೊತೆಗೆ ಆ ಹಾರ್ಮೋನುಗಳನ್ನೂ ತಡೆದು ನಾರು ಹರಡದ ಹಾಗೆ ನೋಡಿಕೊಳ್ಳುತ್ತವೆ. 1999ರ ರೇಲ್ಸ್ ಅಧ್ಯಯನದಲ್ಲಿ, ಹೃದಯ ತೀರಾ ಸೋತಿದ್ದ ರೋಗಿಗಳಿಗೆ ದಿನಕ್ಕೆ 25 ಮಿಲಿಗ್ರಾಮಿನಿಂದ ಸ್ಪೈರೊನೊಲ್ಯಾಕ್ಟೋನ್ ಶುರುಮಾಡಿ ಕೊಟ್ಟಾಗ ಸಾವು ಸುಮಾರು 30% ಕಡಿಮೆಯಾಯಿತು. ಹಾಗಾಗಿ 'ಬಿಪಿ ನಾರ್ಮಲ್ ಬಂತಲ್ಲ' ಅಂತ ನೀವೇ ನಿಲ್ಲಿಸಬೇಡಿ. ನಮ್ಮಪ್ಪ ನಿಲ್ಲಿಸಿದ್ದರು. ಮೂರು ವಾರಕ್ಕೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ರಾತ್ರಿ ಎರಡು ದಿಂಬು ಇಟ್ಟರೂ ಮಲಗಲು ಆಗುತ್ತಿರಲಿಲ್ಲ.

ಈ ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಅದು ಮಿತಿ ಮೀರಿದರೆ ಹೃದಯಕ್ಕೆ ಅಪಾಯ. ಇದನ್ನು ಹೇಳುವವರು ಕಡಿಮೆ. ಒಳ್ಳೆಯದು ಅಂತ ದಿನಾ ಎರಡು ಎಳನೀರು ಕುಡಿಸುತ್ತಿದ್ದೆವು, ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಅಂಗಡಿಯ 'ಲೋ ಸೋಡಿಯಂ' ಉಪ್ಪಿನಲ್ಲೂ ಸೋಡಿಯಂ ಬದಲು ಅದನ್ನೇ ಹಾಕಿರುತ್ತಾರೆ. ಎರಡನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಮಾತ್ರೆ ಶುರುವಾದ ಒಂದು ವಾರಕ್ಕೆ, ಆಮೇಲೆ ತಿಂಗಳಿಗೆ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು) ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ.

ಅಟ್ಯಾಕ್ ಆಗಿ 40 ದಿನ ಕಳೆದ ಮೇಲೂ, ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಇಎಫ್ 35% ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಬಡಿತ ತಪ್ಪಿದಾಗ ಶಾಕ್ ಕೊಟ್ಟು ಕಾಪಾಡುವ ಐಸಿಡಿ ಅನ್ನೋ, ಮೈಯೊಳಗೆ ಕೂರಿಸುವ ಪುಟ್ಟ ಯಂತ್ರ ಬೇಕಾ ಅಂತ ಕೇಳಲೇಬೇಕು. ಕಲೆ ಎಷ್ಟು ಹರಡಿದೆ ಅಂತ ಕಾರ್ಡಿಯಾಕ್ ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಎಲ್ಲರಿಗೂ ಅದು ಬೇಕಿಲ್ಲ.

ಮನೆಯಲ್ಲಿ ಬೆಳಿಗ್ಗೆ ಶೌಚ ಆದ ಮೇಲೆ, ತಿಂಡಿಗೆ ಮುಂಚೆ, ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಎದೆ ಡವಡವ ಅಂದು ತಲೆ ತಿರುಗಿ ಬಿದ್ದರೆ ಫೋನಿಗೆ ಕಾಯದೆ 108ಕ್ಕೆ ಕರೆ ಮಾಡಿ.